ಉಪ್ಪನ್ನು ಉಪ್ಪಿನಿಂದ ತೊಳೆದೆ

ಬಯಲುಸೀಮೆಯ ಮಠವೊಂದರಲ್ಲಿ ಕಲಿತ ನನಗೆ ಬೆಳಗಿನ ಜಾವ ಅಂಗಳ ಗುಡಿಸುವುದೇ ಮೊದಲ ಪಾಠವಾಗಿತ್ತು. ವ್ಯಾಕರಣ ಅನಂತರದ್ದು. ನೆಲವನ್ನು ಶುಚಿಯಾಗಿಡುವುದರಲ್ಲಿ ನನಗೆ ತಿಳಿಯದುದೇನೂ ಇಲ್ಲವೆಂಬ ಹಮ್ಮು ಬಹುಕಾಲ ಇತ್ತು. ಹೊನ್ನಾವರದಲ್ಲಿ ನೆಲೆಸಿದ ಮೇಲೆ, ಮಗನ ಕಾರು ನಿಲ್ಲುವ ಶೆಡ್ಡಿನ ಸಿಮೆಂಟು ನೆಲವು ಆ ಹಮ್ಮನ್ನು ಇಳಿಸಿತು.

ಈ ಕರಾವಳಿಯಲ್ಲಿ ಉಪ್ಪಿಗೆ ಬರವಿಲ್ಲ. ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯ ಆಗರಗಳಲ್ಲಿ ಅದನ್ನು ಬೆಳೆಯುತ್ತಾರೆ. 1930ರಲ್ಲಿ ಅಂಕೋಲೆಯಲ್ಲಿ ಅದಕ್ಕಾಗಿಯೇ ಸತ್ಯಾಗ್ರಹ ನಡೆಯಿತು. ಆದರೆ ಬೇಡದ ಉಪ್ಪೂ ಉಂಟು. ಕಡಲ ಗಾಳಿಯಲ್ಲಿ, ಮುರ್ಡೇಶ್ವರದ ಮರಳಿನಲ್ಲಿ, ಭಟ್ಕಳದಿಂದ ಕುಮಟೆಯವರೆಗೆ ಹೆದ್ದಾರಿ 66ರ ಮೇಲೆ ಮೀನಿನ ಲಾರಿಗಳಿಂದ ಸೋರುವ ನೀರಿನಲ್ಲಿ ಅದು ಕಾರಿನ ಗಾಲಿಗಂಟಿ ಮನೆಗೆ ಬರುತ್ತದೆ. ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಒಮ್ಮೆ ದೂರವಾಣಿಯಲ್ಲಿ, "ಮಾವ, ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೇ ಉಪ್ಪು ಎರಚುತ್ತಾರೆ. ಗ್ಯಾರೇಜಿನ ನೆಲವೆಲ್ಲ ಬೆಳ್ಳಗಾಗುತ್ತದೆ" ಎಂದ. "ಹಿಮವಿಲ್ಲದೆಯೇ ನಮಗೆ ಆ ಭಾಗ್ಯವಿದೆಯಪ್ಪಾ" ಎಂದೆ.

ಪ್ರತಿ ಭಾನುವಾರ ಬಾವಿಯ ನೀರು ಸುರಿದು ನೆಲ ತೊಳೆಯುತ್ತಿದ್ದೆ. ಒಣಗಿದೊಡನೆ ಬಿಳಿಯ ಹುಡಿ ಏಳುತ್ತಿತ್ತು; ಮತ್ತೆ ತೊಳೆಯುತ್ತಿದ್ದೆ. ಒಂದು ಏಪ್ರಿಲಿನಲ್ಲಿ ಶೆಡ್ಡಿನ ಕಂಬದ ಬುಡ ಸೀಳಿ, ಒಳಗಿನ ಸರಳು ಕೆಂಪಾಗಿ ಕಂಡಿತು. ಆ ಕಂಬಕ್ಕೆ ಒರಗಿಯೇ ನನ್ನ ಮೊಮ್ಮಗಳು ದಿನವೂ ಆಡುತ್ತಿದ್ದಳು. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮರುದಿನ ಬಂದ ಗೌಂಡಿ ಕಂಬವನ್ನು ನೋಡಿ, ಬಕೆಟಿನ ನೀರಿಗೆ ಬೆರಳದ್ದಿ ನಾಲಗೆಗೆ ಇಟ್ಟುಕೊಂಡ. "ಮಾಸ್ತರ್ರೆ, ಈ ನೀರು ರುಚಿ ನೋಡಿದ್ದೀರಾ?" ಎಂದ. ನೋಡಿರಲಿಲ್ಲ. ಕುಡಿಯಲು ನಳದ ನೀರಿತ್ತು. ಶರಾವತಿಯ ಅಳಿವೆಯ ಬಳಿಯ ಬಾವಿಗಳು ಬೇಸಿಗೆಯಲ್ಲಿ ಸವಳಾಗುತ್ತವೆಂಬುದನ್ನು ನಾನು ಎಣಿಸಿಯೇ ಇರಲಿಲ್ಲ. ವರ್ಷಗಟ್ಟಲೆ ಉಪ್ಪನ್ನು ಉಪ್ಪಿನಿಂದಲೇ ತೊಳೆದಿದ್ದೆ!

ಉಪ್ಪು ನೀರು ಸಿಮೆಂಟಿನ ಸೂಕ್ಷ್ಮ ರಂಧ್ರಗಳಿಗೆ ಇಳಿಯುತ್ತದೆ. ನೀರು ಆರಿದರೂ ಉಪ್ಪು ಅಲ್ಲಿಯೇ ಹರಳುಗಟ್ಟಿ ಮೇಲ್ಪದರವನ್ನು ಒಡೆಯುತ್ತದೆ. ಸರಳನ್ನು ಮುಟ್ಟಿದರೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಸೀಳುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ತಾನೇ ನೀರನ್ನು ಸೆಳೆಯುತ್ತದೆ. ಆಗ ಬಿಳುಪು ಕಾಣದು, ಉಪ್ಪು ಮಾತ್ರ ಇದ್ದೇ ಇರುತ್ತದೆ.

ಸೀಳಿದ ಭಾಗವನ್ನು ಕೆತ್ತಿಸಿ, ಸರಳಿನ ತುಕ್ಕು ತೆಗೆಸಿ, ಕಂಬವನ್ನು ಸರಿಪಡಿಸಿದ್ದಾಯಿತು. ಓದುಗ ಬಂಧುಗಳೆ, ಈಗ ನಮ್ಮ ಮನೆಯ ಕ್ರಮ ಹೀಗಿದೆ. ಕಾರಿನ ಗಾಲಿ ಮತ್ತು ಅಡಿಭಾಗಕ್ಕೆ ಹೊರಗೇ ಸಿಹಿನೀರು ಹಾಯಿಸುತ್ತೇವೆ. ನೆಲವನ್ನು ಮೊದಲು ಒಣದಾಗಿ ಗುಡಿಸಿ, ಹುಡಿಯನ್ನು ಗಿಡಗಳ ಬುಡಕ್ಕೆ ಹಾಕದೆ ಬೇರೆ ತೆಗೆಯುತ್ತೇವೆ. ಆಮೇಲೆ ಸಿಹಿನೀರು ಸುರಿದು, ಆರುವ ಮೊದಲೇ ವೈಪರಿನಿಂದ ಇಳಿಜಾರಿನತ್ತ ತಳ್ಳುತ್ತೇವೆ; ಹೀಗೆ ಎರಡು ಸಲ. ಆಸಿಡ್ಡನ್ನು ಮುಟ್ಟುವುದಿಲ್ಲ, ಅದು ಸಿಮೆಂಟನ್ನೇ ತಿನ್ನುತ್ತದೆ.

ನೀರು ಸುರಿಯುವ ಮುನ್ನ ನಾನು ಒಂದು ಹನಿ ನಾಲಗೆಗೆ ಇಟ್ಟು ನೋಡುತ್ತೇನೆ. "ಅಜ್ಜ, ಸಿಹಿಯೋ ಉಪ್ಪೋ?" ಎಂದು ಮೊಮ್ಮಗಳು ಕೇಳುತ್ತಾಳೆ. ಕೊಳೆಯನ್ನು ನೋಡುವ ಕಣ್ಣು ಮಠದಲ್ಲಿಯೇ ದೊರೆತಿತ್ತು. ತೊಳೆಯುವ ನೀರನ್ನೂ ಪರೀಕ್ಷಿಸಬೇಕೆಂಬುದನ್ನು ಅರುವತ್ತು ದಾಟಿದ ಮೇಲೆ ಒಬ್ಬ ಗೌಂಡಿಯಿಂದ ಕಲಿತೆ.