ಕಲ್ಲಿನ ಕಿರೀಟ, ಕಾಗದದ ಕಿರೀಟ

ಅರಸೀಕೆರೆ, ಬೇಲೂರು ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿಯಿತೆಂದರೆ ‘ಕುರುಕ್ಷೇತ್ರ’ ನಾಟಕದ ಕಾಲ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಹಾಡು ಕಲಿತ ರೈತ ಒಂದು ರಾತ್ರಿಯ ಮಟ್ಟಿಗೆ ದುರ್ಯೋಧನ. ಪಾತ್ರಕ್ಕೆ ಕೈಯಿಂದ ಹಣ ಕಟ್ಟಿರುತ್ತಾನೆ, ಮಾತುಗಳೆಲ್ಲ ಬಾಯಿಪಾಠ. ಕೈಕೊಡುವುದು ಕಿರೀಟ. ಬಾಡಿಗೆಗೆ ಬರುವ ಕಿರೀಟಕ್ಕೆ ಯಾರ ತಲೆಯ ಅಳತೆಯೂ ಗೊತ್ತಿಲ್ಲ. ಒಳಗೆ ಟವೆಲು ತುರುಕಿ, ಗಲ್ಲದ ಕೆಳಗೆ ದಾರ ಬಿಗಿದರೂ ಗದೆ ಎತ್ತಿದ ಕೂಡಲೆ ಅದು ಕಣ್ಣಿನ ಮೇಲೆ ಜಾರುತ್ತದೆ. ಭೀಮ ತೊಡೆ ಮುರಿಯುವ ಮುಂಚೆಯೇ ಕಿರೀಟ ಉರುಳಿದರೆ ಸಭೆಗೆ ಸಭೆಯೇ ನಗುತ್ತದೆ. ಆ ಮಾತು ಮುಂದಿನ ಸುಗ್ಗಿಯವರೆಗೂ ಊರಲ್ಲಿ ಓಡಾಡುತ್ತದೆ.

ತಲೆಗೆ ಹೊಂದುವ ಕಿರೀಟವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಮಾದರಿಗೆ ಕ್ಯಾಲೆಂಡರಿನ ಚಿತ್ರ ಬೇಕಿಲ್ಲ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಹಿಡಿದು ಬಸ್ಸು ಹತ್ತಿದರೆ ಸಾಕು.

ಅರಸೀಕೆರೆಯೆಂದರೆ ಹಲವರಿಗೆ ರೈಲು ಬದಲಾಯಿಸುವ ಜಂಕ್ಷನ್, ಕೊಬ್ಬರಿ ಮಾರುಕಟ್ಟೆ, ಅಷ್ಟೆ. ಊರಲ್ಲಿ 13ನೇ ಶತಮಾನದ ಈಶ್ವರ ದೇವಾಲಯವಿದೆ. ಅದರ ಮುಂಭಾಗದ ಮಂಟಪದ ತಳವಿನ್ಯಾಸ ನಕ್ಷತ್ರಾಕಾರ, ಮೇಲೆ ಗುಮ್ಮಟದಂಥ ಚಾವಣಿ. ಒಂದು ಚೌಕವನ್ನು ಅದರ ನಡುಬಿಂದುವಿನ ಮೇಲೆ ಸಮ ಕೋನದಲ್ಲಿ ತಿರುಗಿಸುತ್ತ ಹೋದರೆ ನಕ್ಷತ್ರ ಮೂಡುತ್ತದೆ. ಎರಡು ಚೌಕಕ್ಕೆ ಎಂಟು ಮೂಲೆ, ನಾಲ್ಕಕ್ಕೆ ಹದಿನಾರು. ಕಿರೀಟದ ಪಟ್ಟಿಯ ಮೇಲಿನ ದಳಗಳನ್ನು ಹಂಚುವುದಕ್ಕೂ ಇದೇ ಲೆಕ್ಕ.

ಅಲ್ಲಿಂದ ಬಾಣಾವರ, ಜಾವಗಲ್ ದಾಟಿ ಹಳೇಬೀಡು. ಹೊಯ್ಸಳೇಶ್ವರ ದೇವಾಲಯದ ಕೆಲಸ 12ನೇ ಶತಮಾನದ ಮೊದಲ ಭಾಗದಲ್ಲಿ, ವಿಷ್ಣುವರ್ಧನನ ಕಾಲದಲ್ಲಿ ಶುರುವಾಯಿತು. 2023ರಲ್ಲಿ ಯುನೆಸ್ಕೋ ಬೇಲೂರು ಮತ್ತು ಸೋಮನಾಥಪುರದ ಗುಡಿಗಳ ಜೊತೆ ಇದನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಪ್ರವಾಸಿಗರು ಗೋಡೆಯನ್ನು ಒಂದು ಸುತ್ತು ಹಾಕಿ ಫೋಟೋ ತೆಗೆದು ಹೊರಟುಬಿಡುತ್ತಾರೆ. ಕಿರೀಟ ಹುಡುಕಿ ಬಂದವರು ದಕ್ಷಿಣ ಬಾಗಿಲ ದ್ವಾರಪಾಲಕರ ಮುಂದೆ ಅರ್ಧ ಗಂಟೆಯಾದರೂ ನಿಲ್ಲಬೇಕು. ಹಣೆಯ ಮೇಲೆ ಅಗಲವಾದ ಪಟ್ಟಿ, ಅದರ ಮೇಲೆ ಏರುತ್ತ ಸಣ್ಣದಾಗುವ ಸುತ್ತುಗಳು. ಮುತ್ತಿನ ಎಳೆಗಳ ಹಿಂದೆ ನೆರಳು ಬೀಳುವಷ್ಟು ಆಳವಾಗಿ ಕೊರೆದಿದ್ದಾರೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಅದಕ್ಕೇ ಇಷ್ಟು ಸೂಕ್ಷ್ಮ ಕೆಲಸ ಸಾಧ್ಯವಾಯಿತು. ಮುಟ್ಟಿ ನೋಡುವಂತಿಲ್ಲ, ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಶಿಲ್ಪಶಾಸ್ತ್ರದಲ್ಲಿ ಮುಕುಟಕ್ಕೆ ಜಾತಿಗಳಿವೆ. ಎತ್ತರವಾಗಿ ನಿಲ್ಲುವ ಕಿರೀಟ ಮುಕುಟ ವಿಷ್ಣುವಿಗೆ, ಅರಸರಿಗೆ. ಕವುಚಿದ ಮಡಕೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕಾಣುವ ಕರಂಡ ಮುಕುಟ ಹೆಚ್ಚಾಗಿ ದೇವಿಯರಿಗೆ. ಜಡೆ ಸುತ್ತಿದ ಜಟಾ ಮುಕುಟ ಶಿವನಿಗೆ. ದುರ್ಯೋಧನನಿಗೂ ದ್ರೌಪದಿಗೂ ಒಂದೇ ಅಚ್ಚಿನ ಕಿರೀಟ ತೊಡಿಸುವ ನಾಟಕದವರು ಇದನ್ನೊಮ್ಮೆ ನೋಡಬೇಕು.

ಕೆಳಗಿನ ಪಟ್ಟಿಕೆಗಳಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು. ಅವುಗಳ ಮೇಲೆ ಪುರಾಣದ ಕಥೆಗಳು. ಅಭಿಮನ್ಯು ಹೊಕ್ಕ ಚಕ್ರವ್ಯೂಹವೂ ಇಲ್ಲಿದೆ. ಇಷ್ಟು ಯುದ್ಧ ನಡೆದರೂ ಗ್ರೀಕರಂತೆ ಮುಖ ಮುಚ್ಚಿಕೊಂಡ ಯೋಧ ಕಾಣುವುದಿಲ್ಲ. ಪ್ರಾಚೀನ ಗ್ರೀಸಿನ ಕೊರಿಂತ್ ಶೈಲಿಯ ಶಿರಸ್ತ್ರಾಣವನ್ನು ಕಂಚಿನ ತಗಡನ್ನು ಬಡಿದು ಮಾಡುತ್ತಿದ್ದರು. ಕಣ್ಣಿಗೆ ಎರಡು ಕಂಡಿ, ಮೂಗಿಗೊಂದು ಪಟ್ಟಿ, ಕಿವಿ ಪೂರಾ ಬಂದ್. ಈಟಿಯ ಎದುರು ಅದು ಸರಿ. ಹಾಡಿ ಆಡುವ ನಾಟಕದಲ್ಲಿ ಅದನ್ನು ತೊಟ್ಟರೆ ಹಾರ್ಮೋನಿಯಂ ಶ್ರುತಿ ಕಿವಿಗೆ ಬೀಳದು, ಹಾಡೂ ಹೊರಗೆ ಬಾರದು. ನಮ್ಮ ಕಿರೀಟ ಮುಖ ಬಿಟ್ಟುಕೊಟ್ಟು ತಲೆಯ ಮೇಲೆ ಕೂರುವಂಥದ್ದು.

ಬೇಲೂರು ಅಲ್ಲಿಂದ 16 ಕಿ.ಮೀ. 1117ರ ಚೆನ್ನಕೇಶವ ಗುಡಿಯಲ್ಲಿ ಎಲ್ಲರ ಕಣ್ಣೂ ಮದನಿಕೆಯರ ಮೇಲೆ. ಗರ್ಭಗುಡಿಯ ಬಾಗಿಲಲ್ಲಿ ನಿಂತ ಜಯ ವಿಜಯರ ಕಿರೀಟಗಳನ್ನು ಬರೆದುಕೊಂಡರೆ ನೋಟ್‌ಬುಕ್ಕು ತುಂಬಿದಂತೆ.

ಇನ್ನು ಮನೆಯ ಕೆಲಸ. ಹಣೆಯ ಸುತ್ತ ದಾರ ಹಿಡಿದು ಅಳೆಯಬೇಕು. 56 ಸೆಂ.ಮೀ. ಬಂತೆನ್ನಿ. 3.14ರಿಂದ ಭಾಗಿಸಿದರೆ ವ್ಯಾಸ ಸುಮಾರು 18. ರಟ್ಟಿನ ಪಟ್ಟಿಯನ್ನು ಅಂಟಿಸಲು 3 ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಬೇಕು. ಮೇಲಿನ ಸುತ್ತುಗಳ ವ್ಯಾಸ 15, 12, 9 ಎಂದು ಇಳಿಯಲಿ. ಇವನ್ನು ಒಂದರ ಮೇಲೊಂದು ಕೂರಿಸಿ, ಹಳೆಯ ಪತ್ರಿಕೆಯ ಚೂರುಗಳನ್ನು ಮೈದಾ ಗಂಜಿಯಲ್ಲಿ ಅದ್ದಿ ಹಚ್ಚುತ್ತ ಬರಬೇಕು. ಒಂದು ಪದರ ಒಣಗಿದ ಮೇಲೇ ಇನ್ನೊಂದು. ನಾಲ್ಕೈದು ಪದರ ಸಾಕು. ಹುಳ ಹಿಡಿಯದಂತೆ ಗಂಜಿಗೆ ಚಿಟಿಕೆ ಮೈಲುತುತ್ತ ಹಾಕುವ ರೂಢಿಯುಂಟು. ಅದು ವಿಷ, ಮಕ್ಕಳ ಕೈಗೆ ಕೊಡಬಾರದು. ಬಿಸಿಲಲ್ಲಿಟ್ಟರೆ ಹೊರಪದರ ಬೇಗ ಒಣಗಿ ಸೆಳೆದುಕೊಳ್ಳುತ್ತದೆ, ಕಿರೀಟ ಸೊಟ್ಟಗಾಗುತ್ತದೆ. ನೆರಳೇ ವಾಸಿ.

ಮುತ್ತಿನ ಎಳೆಗೆ ಸೆಣಬಿನ ಹುರಿ, ರತ್ನಕ್ಕೆ ಹುಣಸೆ ಬೀಜ. ಭಾರದ ಅಲಂಕಾರವೆಲ್ಲ ಹಣೆಪಟ್ಟಿಯಲ್ಲೇ ಇರಲಿ. ದ್ವಾರಪಾಲಕನ ಕಿರೀಟ ಕೆಳಗೆ ಅಗಲ, ಮೇಲೆ ಸಣ್ಣ. ತಲೆ ಆಡಿಸುವ ನಟನಿಗೂ ಅದೇ ಆಕಾರ ಬೇಕು, ಭಾರ ಕೆಳಗಿದ್ದಷ್ಟೂ ಕಿರೀಟ ಉರುಳುವುದು ಕಡಿಮೆ. ಹಿಂಬದಿಗೆ ಅಲಂಕಾರ ಬೇಕಿಲ್ಲ. ಗೋಡೆಗೆ ಅಂಟಿದ ಶಿಲ್ಪಕ್ಕೆ ಬೆನ್ನಿಲ್ಲ, ರಂಗದ ಮುಂದೆ ಕೂತವರಿಗೂ ಬೆನ್ನು ಕಾಣದು. ಅಲ್ಲಿ ನಾಲ್ಕು ತೂತು ಕೊರೆದರೆ ಗಾಳಿಯಾಡುತ್ತದೆ.

ಬಣ್ಣ ಕೊನೆಗೆ. ಅದಕ್ಕೂ ಮೊದಲು ಗಲ್ಲದ ದಾರವಿಲ್ಲದೆ ಕಿರೀಟ ತೊಟ್ಟು, ಹಿತ್ತಲಲ್ಲಿ ಗದೆಯ ಬದಲು ಒನಕೆ ಬೀಸಿ ನೋಡಬೇಕು. ಜಾರಿದರೆ ಹಣೆಪಟ್ಟಿಯ ಒಳಗೆ ಇನ್ನೊಂದು ಸುತ್ತು ಬಟ್ಟೆ ಅಂಟಿಸಿ, ಮತ್ತೊಮ್ಮೆ ಒನಕೆ ಎತ್ತುವುದು.