ಮಾರ್ಚ್ ತಿಂಗಳಿನಲ್ಲಿ ಕೊಡಚಾದ್ರಿ

ಹೆಂಗಸರು ಗುಂಪು ಕಟ್ಟಿಕೊಂಡು ಪ್ರವಾಸ ಹೊರಟರೆ ಪ್ರವಾಸಕ್ಕಿಂತ ಅದರ ತಯಾರಿಯೇ ದೊಡ್ಡದು ಎಂದು ನಮ್ಮ ಮನೆಯವರು ಆಗಾಗ ಹೇಳುವುದುಂಟು. ಅದರಲ್ಲಿ ಸುಳ್ಳೇನಿಲ್ಲ. ಹಿಂದೊಮ್ಮೆ ಧರ್ಮಸ್ಥಳಕ್ಕೆ ಹೊರಟಾಗ ಉಪ್ಪಿನಕಾಯಿ ಯಾರು ತರಬೇಕೆಂಬುದನ್ನು ತೀರ್ಮಾನಿಸಲು ನಮಗೆ ಎರಡು ಸಂಜೆ ಹಿಡಿದಿತ್ತು. ಆದರೆ ಈ ವರ್ಷ ನಮ್ಮ ಓಣಿಯ ಹನ್ನೊಂದು ಜನ ಜೀಪಿನಲ್ಲಿ ಕೊಡಚಾದ್ರಿ ಹತ್ತಬೇಕೆಂದು ಕೂತು ಮಾಡಿದ ಪಟ್ಟಿ ಬೇರೆಯೇ ಥರದ್ದು. ಏನೇನು ಒಯ್ಯಬೇಕು ಅನ್ನುವುದಕ್ಕಿಂತ ಏನೇನು ಒಯ್ಯಬಾರದು ಅನ್ನುವುದೇ ಅದರಲ್ಲಿ ಹೆಚ್ಚಾಗಿತ್ತು.

ನಾವಿರುವುದು ಸಾಗರದಲ್ಲಿ. ಕೊಡಚಾದ್ರಿ ಪಕ್ಕದ ಹೊಸನಗರ ತಾಲ್ಲೂಕಿನದು, 1343 ಮೀಟರ್ ಎತ್ತರದ ಗುಡ್ಡ. ಕೊಲ್ಲೂರಿಗೆ ಎಷ್ಟು ಸಲ ಹೋಗಿದ್ದರೂ ನಮ್ಮಲ್ಲಿ ಮುಕ್ಕಾಲು ಪಾಲು ಹೆಂಗಸರು ಮೇಲೆ ಹತ್ತಿದವರಲ್ಲ. ಮಕ್ಕಳು ಚಿಕ್ಕವು, ಅತ್ತೆಗೆ ಹುಷಾರಿಲ್ಲ, ಅಡಿಕೆ ಕೊಯ್ಲು, ಹೀಗೆ ಒಂದಲ್ಲ ಒಂದು. ಈಗ ಅತ್ತೆಯಂದಿರೂ ಇಲ್ಲ, ಮಕ್ಕಳೂ ಊರಿನಲ್ಲಿಲ್ಲ, ಮಂಡಿನೋವು ಮಾತ್ರ ಇದೆ. ಜೀಪು ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರದವರೆಗೂ ಹೋಗುತ್ತದೆ. ಅಲ್ಲಿಂದ ಸರ್ವಜ್ಞ ಪೀಠದ ಕಲ್ಲುಮಂಟಪಕ್ಕೆ ನಡೆದು ಹತ್ತಬೇಕು. ಜೀಪಿನ ದಾರಿಯೆಂದರೆ ದಾರಿಯಲ್ಲ, ಕೆಂಪು ಮಣ್ಣಿನ ಕೊರಕಲು. ಅದರಲ್ಲಿ ಹೋಗಿ ಬಂದವರು ಗುಡ್ಡದ ಚಂದಕ್ಕಿಂತ ಸೊಂಟದ ಪಾಡನ್ನೇ ಹೆಚ್ಚು ವರ್ಣಿಸುತ್ತಾರೆ.

ಅಕ್ಟೋಬರ್, ನವೆಂಬರ್ ಬಿಟ್ಟು ಮಾರ್ಚ್ ತಿಂಗಳೇ ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ನಮ್ಮ ಟೀಚರಮ್ಮ. ಮೂವತ್ತು ವರ್ಷ ಹಿಂದಿ ಕಲಿಸಿ ನಿವೃತ್ತರಾದವರು. ಯಜಮಾನರು ಹೋದ ಮೇಲೆ ಆರು ವರ್ಷ ಒಬ್ಬರೇ ಇದ್ದರು. ಈಗ ಮಗ ಪುಣೆಗೆ ಕರೆದುಕೊಂಡು ಹೋಗುತ್ತೇನೆಂದು ಹಟ ಹಿಡಿದಿದ್ದ. ಯುಗಾದಿ ಕಳೆದ ಮೇಲೆ ಮನೆ ಬಾಡಿಗೆಗೆ ಕೊಟ್ಟು ಹೊರಡುವುದೆಂದು ನಿಶ್ಚಯವಾಯಿತು. ಅವರು ಬಾಯಿಬಿಟ್ಟು ಕೇಳಿದ್ದು ಒಂದೇ: "ಹೋಗೋ ಮುಂಚೆ ಒಂದು ಸಲ ಕೊಡಚಾದ್ರಿ ಮೇಲಿಂದ ಸೂರ್ಯ ಮುಳುಗೋದು ನೋಡಬೇಕು ಕಣ್ರೇ." ಅಷ್ಟು ವರ್ಷ ನಮ್ಮೆಲ್ಲರ ಮಕ್ಕಳಿಗೆ ಪುಕ್ಕಟೆ ಪಾಠ ಹೇಳಿದವರು. ಇಲ್ಲ ಎನ್ನುವುದು ಹೇಗೆ? ಮಾರ್ಚಿನ ಮೂರನೇ ಶನಿವಾರ ಎಂದು ದಿನ ಗೊತ್ತಾಯಿತು.

ಮಲೆನಾಡಿನಲ್ಲಿ ಹುಟ್ಟಿದವರಿಗೆ ಮಾರ್ಚಿನ ಗುಡ್ಡ ಎಂಥದೆಂದು ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಮೊಣಕಾಲುದ್ದ ಬೆಳೆದ ಹುಲ್ಲು ಸಂಕ್ರಾಂತಿ ಕಳೆಯುವುದರೊಳಗೆ ಒಣಗಿ ಕರಡವಾಗುತ್ತದೆ. ದೂರದಿಂದ ನೋಡಿದರೆ ಗುಡ್ಡಕ್ಕೆ ಹೊಂಬಣ್ಣದ ಸೀರೆ ಉಡಿಸಿದ ಹಾಗೆ. ಮಡಿಕೆಗಳಲ್ಲಿ ಮಾತ್ರ ಕಪ್ಪುಹಸಿರಿನ ಶೋಲಾ ಕಾಡು. ಆ ಕಾಡಿನೊಳಗೆ ತೇವವಿರುವುದರಿಂದ ಬೆಂಕಿ ಸಾಮಾನ್ಯವಾಗಿ ಅಂಚಿನಲ್ಲೇ ನಿಲ್ಲುತ್ತದೆ. ಆದರೆ ವರ್ಷ ವರ್ಷ ಅಂಚು ಸುಟ್ಟರೆ ಕಾಡು ಒಳಗೊಳಗೇ ಕುಗ್ಗುತ್ತಾ ಹೋಗುತ್ತದೆ. ನಮ್ಮ ಕಡೆ ಬೆಂಕಿ ತಾನಾಗಿ ಹುಟ್ಟುವುದು ಬಹಳ ಅಪರೂಪ. ಯಾರೋ ಎಸೆದ ಬೀಡಿ, ಹೊಸ ಹುಲ್ಲು ಚಿಗುರಲೆಂದು ಹಚ್ಚಿದ ಕಿಡಿ, ಜೇನು ಕೀಳಲು ಮಾಡಿದ ಹೊಗೆ, ಕೆಲವೊಮ್ಮೆ ಬರೀ ಹೊಟ್ಟೆಕಿಚ್ಚು.

ನಮ್ಮ ಮೊದಲ ಬೈಠಕ್ಕಿನಲ್ಲಿ ಮೂಲೆಮನೆ ಅತ್ತಿಗೆ ಇದ್ದಕ್ಕಿದ್ದ ಹಾಗೆ, "ಆ ತಮಿಳುನಾಡಿನ ಹುಡುಗೀರ ಕತೆ ಮರೆತುಹೋಯ್ತಾ?" ಎಂದರು. ಎಲ್ಲರೂ ಸುಮ್ಮನಾದೆವು. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ನಡೆದದ್ದು ಅದು. ಮಹಿಳಾ ದಿನದ ನೆಪದಲ್ಲಿ ಚೆನ್ನೈಯಿಂದ ಹೊರಟ ಚಾರಣದ ತಂಡ, ಜೊತೆಗೆ ಇನ್ನೊಂದು ಊರಿನ ಗುಂಪು. ಇಳಿದು ಬರುವಾಗ ಒಣಹುಲ್ಲಿನ ಬೆಂಕಿ ಸುತ್ತಿಕೊಂಡಿತು. ದಿಕ್ಕು ತೋಚದೆ ಎಷ್ಟೋ ಜನ ಕೊರಕಲಿಗೆ ಇಳಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು, ಅವರಲ್ಲಿ ಹೆಣ್ಣುಮಕ್ಕಳೇ ಬಹಳ. ಮೊದಲು ಮೇಲೆ ಹತ್ತಿಹೋಗಿ ಸುಟ್ಟವರನ್ನು ಹೊತ್ತು ತಂದವರು ಕೆಳಗಿನ ಹಳ್ಳಿಯವರು.

"ಹಾಗಾದ್ರೆ ಬ್ಯಾಡ ಬಿಡಿ" ಎಂದು ಟೀಚರಮ್ಮ ತಣ್ಣಗೆ ಹೇಳಿದರು. ಹಾಗೆ ಹೇಳಿದ್ದೇ ತಪ್ಪಾಯಿತು ನೋಡಿ, ಹೋಗಲೇಬೇಕೆಂದು ಎಲ್ಲರಿಗೂ ಹಟ ಬಂತು. ಹೋಗುವುದಾದರೆ ಕಣ್ಣು ಬಿಟ್ಟುಕೊಂಡು ಹೋಗೋಣ ಎಂದು ಪಟ್ಟಿ ಹಿಡಿದು ಕೂತೆವು.

ಮೊದಲು ಬಿದ್ದುಹೋದದ್ದು ಸ್ಟೌವು. ಗುಡ್ಡದ ಮೇಲೆ ಬಿಸಿ ಬಿಸಿ ಕಾಫಿ ಕಾಸಬೇಕೆಂಬುದು ಬ್ಯಾಂಕಿನ ಅಕ್ಕನ ಬಹುದಿನದ ಕನಸು. ಅಭಯಾರಣ್ಯದೊಳಗೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರವೇ ಅಪರಾಧ ಎಂದಾಗ, "ಆಯ್ತು ಮಾರಾಯ್ತಿ, ಫ್ಲಾಸ್ಕಿನ ಕಾಫಿಯೇ ಕುಡಿಯೋಣ, ಕಷಾಯದ ಹಾಗೆ" ಎಂದು ಮುಖ ಸೊಟ್ಟ ಮಾಡಿದರು. ಸ್ಟೌವನ್ನು ಬಿಡಿಸುವುದು ಸುಲಭ, ಕಷ್ಟವಾದದ್ದು ದೀಪ. ಮೂಲೆಮನೆ ಅತ್ತಿಗೆಗೆ ಸರ್ವಜ್ಞ ಪೀಠದಲ್ಲಿ ತುಪ್ಪದ ದೀಪ ಹಚ್ಚುವ ಹರಕೆ. ಪೀಠದ ಸುತ್ತ ಬರೀ ಒಣಹುಲ್ಲು, ಮೇಲೆ ಗಾಳಿ. ದೇವರ ದೀಪದಿಂದ ಎಲ್ಲಾದರೂ ಕಾಡು ಉರಿಯುತ್ತದೆಯೇ ಎಂದು ಅವರ ವಾದ. ಬತ್ತಿಗೆ ಅದು ದೇವರದೋ ಅಡುಗೆಮನೆಯದೋ ಗೊತ್ತಾಗುವುದಿಲ್ಲ ಅತ್ತಿಗೆ, ಎಂದೆ. ಕೊನೆಗೆ ತುಪ್ಪ, ಬತ್ತಿ ಎರಡನ್ನೂ ಕೆಳಗೆ ಮೂಲ ಮೂಕಾಂಬಿಕೆಯ ಗುಡಿಯಲ್ಲಿ ಭಟ್ಟರ ಕೈಗೆ ಕೊಡುವುದು, ಅವರೇ ಗರ್ಭಗುಡಿಯಲ್ಲಿ ಹಚ್ಚಲಿ ಎಂದು ರಾಜಿಯಾಯಿತು. ಕರ್ಪೂರ, ಊದುಬತ್ತಿ, ಬೆಂಕಿಪೊಟ್ಟಣ ಮೂರಕ್ಕೂ ಪಟ್ಟಿಯಲ್ಲಿ ಗೀಟು ಬಿತ್ತು.

ಬಟ್ಟೆಯ ವಿಷಯಕ್ಕೆ ಯಾರೂ ಎದುರಾಡಲಿಲ್ಲ. ನೈಲಾನು, ಪಾಲಿಯೆಸ್ಟರು ಬೆಂಕಿ ತಗುಲಿದರೆ ಉರಿಯುವುದಷ್ಟೇ ಅಲ್ಲ, ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಇದನ್ನು ಯಾವ ಪುಸ್ತಕದಿಂದಲೂ ಕಲಿಯಬೇಕಾಗಿಲ್ಲ, ನಮ್ಮ ಕಾಲದಲ್ಲಿ ಸ್ಟೌವು ಸಿಡಿದ ಸುದ್ದಿ ಕೇಳದ ಓಣಿ ಯಾವುದಿತ್ತು? ದಪ್ಪ ಹತ್ತಿಯ ಚೂಡಿದಾರು, ಹತ್ತಿಯ ಶಾಲು, ಕಾಲಿಗೆ ಬೂಟು. ಜೀವಮಾನದಲ್ಲಿ ಸೀರೆ ಬಿಟ್ಟು ಬೇರೆ ಉಡದ ಇಬ್ಬರು ಇಳಕಲ್ ಸೀರೆಯನ್ನೇ ಸೊಂಟಕ್ಕೆ ಬಿಗಿದು ಬರುತ್ತೇವೆಂದರು.

ಜೀಪಿನ ಹುಡುಗ ನಿಟ್ಟೂರಿನವನು. ಫೋನಿನಲ್ಲಿ ಅವನೊಂದಿಗೆ ಮಾತಾಡಿದ ಮೇಲೆ ನನಗೆ ಅರ್ಧ ಧೈರ್ಯ ಬಂತು, ಅರ್ಧ ಹೋಯಿತು. ಸೈಲೆನ್ಸರಿನ ಕಾವೇ ಸಾಕಂತೆ ಹುಲ್ಲಿಗೆ. ಗುಡ್ಡ ಹತ್ತಿ ಕಾದ ಗಾಡಿಯನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬಾರದು, ಅಡಿಗೆ ಸಿಕ್ಕಿಕೊಂಡ ಹುಲ್ಲನ್ನು ಆಗಾಗ ಕಿತ್ತು ತೆಗೆಯಬೇಕು. ಬರೀ ಮಣ್ಣಿರುವ ಕಡೆ, ಇಳಿಯುವ ದಾರಿಗೆ ಮೂತಿ ಮಾಡಿ ನಿಲ್ಲಿಸಬೇಕು. 2019ರ ಫೆಬ್ರವರಿಯಲ್ಲಿ ಬೆಂಗಳೂರಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆದಾಗ ನಿಲುಗಡೆಯ ಜಾಗದ ಒಣಹುಲ್ಲಿಗೆ ಬೆಂಕಿ ಬಿದ್ದು ಸುಮಾರು 300 ಕಾರುಗಳು ಸುಟ್ಟುಹೋದವಲ್ಲ, ಅದು ನೆನಪಾಯಿತು. ರಾಜಧಾನಿಯ ಪಕ್ಕದಲ್ಲಿ, ಅಷ್ಟು ಜನರ ನಡುವೆ ಹಾಗಾದರೆ ಗುಡ್ಡದ ನೆತ್ತಿಯಲ್ಲಿ ಕೇಳುವವರು ಯಾರು?

ಆ ಹುಡುಗ ಇನ್ನೊಂದು ಮಾತೂ ಹೇಳಿದ. "ಅಮ್ಮಾ, ಸನ್‌ಸೆಟ್ ಬ್ಯಾಡ. ಬೆಳಿಗ್ಗೆ ಆರಕ್ಕೆ ಹತ್ತಿ ಹತ್ತೂವರೆಗೆ ಇಳಿದುಬಿಡೋಣ. ಮಧ್ಯಾಹ್ನ ಗಾಳಿ ಎದ್ದ ಮೇಲೆ ನಾನಂತೂ ಹತ್ತಲ್ಲ."

ಅವನ ಮಾತಿನಲ್ಲಿ ತಥ್ಯವಿತ್ತು. ಮಧ್ಯಾಹ್ನದ ಬಿಸಿಲಿಗೆ ಹುಲ್ಲಿನಲ್ಲಿ ಉಳಿದ ಚೂರು ತೇವವೂ ಆರಿಹೋಗಿರುತ್ತದೆ, ಕಾದ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಏರುತ್ತಿರುತ್ತದೆ. ಬೆಂಕಿಗೂ ಅದೇ ದಾರಿ. ಗೀರಿದ ಕಡ್ಡಿಯನ್ನು ತಲೆ ಕೆಳಗೆ ಮಾಡಿ ಹಿಡಿದು ನೋಡಿ, ಬೆರಳು ಸುಡುವಷ್ಟು ಬೇಗ ಉರಿ ಮೇಲಕ್ಕೆ ಬರುತ್ತದೆ. ತಲೆ ಮೇಲೆ ಮಾಡಿ ಹಿಡಿದರೆ ನಿಧಾನ. ಗುಡ್ಡವೂ ಹಾಗೆಯೇ. ಕೆಳಗೆ ಹತ್ತಿದ ಬೆಂಕಿ ತನ್ನ ಮುಂದಿನ ಹುಲ್ಲನ್ನು ಕಾಯಿಸಿಕೊಳ್ಳುತ್ತಲೇ ಹತ್ತುತ್ತದೆ. ಕೊರಕಲುಗಳಂತೂ ಬಚ್ಚಲೊಲೆಯ ಚಿಮಣಿಯಿದ್ದ ಹಾಗೆ, ಉರಿಯನ್ನು ಎಳೆದುಕೊಳ್ಳುತ್ತವೆ. ಆದ್ದರಿಂದ ಕೆಳಗಿನಿಂದ ಬೆಂಕಿ ಬಂದರೆ ಮೇಲಕ್ಕೆ ಓಡಬಾರದು, ಕೊರಕಲಿಗೆ ಇಳಿಯಬಾರದು. ಬೋಳು ಬಂಡೆ, ಮಣ್ಣಿನ ದಾರಿ ಅಥವಾ ಈಗಾಗಲೇ ಸುಟ್ಟು ಕಪ್ಪಾದ ಜಾಗ ಸೇರಿಕೊಳ್ಳಬೇಕು. ಇದನ್ನು ನಾನು ಎರಡು ಸಲ ಎಲ್ಲರಿಗೂ ಓದಿ ಹೇಳಿದೆ. ಹೇಳುವಾಗ ಟೀಚರಮ್ಮ ಕಿಟಕಿಯ ಆಚೆ ನೋಡುತ್ತಿದ್ದರು. ಸೂರ್ಯ ಮುಳುಗುವುದನ್ನು ಬಿಟ್ಟುಕೊಟ್ಟವರು ಅವರಲ್ಲವೇ.

"ಬೆಳಗಿನ ಹೊತ್ತೂ ಸಮುದ್ರ ಕಾಣತ್ತಂತೆ, ಮಂಜಿಲ್ಲದಿದ್ರೆ" ಎಂದರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ.

ಗುಡ್ಡದ ಮೇಲೆ ಫೋನು ನೆಚ್ಚುವ ಹಾಗಿಲ್ಲ. ಆದ್ದರಿಂದ ಮಂಡಿನೋವಿನ ಬ್ಯಾಂಕಿನ ಅಕ್ಕ ನಿಟ್ಟೂರಿನಲ್ಲೇ ಉಳಿಯುವುದು, ಹನ್ನೊಂದೂವರೆಯೊಳಗೆ ನಾವು ಇಳಿಯದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸುವುದು ಎಂದಾಯಿತು. ಅವರ ಮಗಳು ತನ್ನ ಮೊಬೈಲಿನಲ್ಲಿ ಉಪಗ್ರಹದಿಂದ ಕಂಡ ಬೆಂಕಿಯ ಗುರುತುಗಳನ್ನು ನೋಡುವುದು ಹೇಗೆಂದು ತೋರಿಸಿಕೊಟ್ಟಳು. ಡೆಹ್ರಾಡೂನಿನಲ್ಲಿರುವ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಹೆಸರು ನೋಂದಾಯಿಸಿದವರಿಗೆ ಇಂಥ ಎಚ್ಚರಿಕೆ ಕಳಿಸುತ್ತದೆ. ನಕ್ಷೆಯ ಮೇಲೆ ಕೆಂಪು ಚುಕ್ಕೆ. ಹಣೆಗಿಟ್ಟ ಕುಂಕುಮದಷ್ಟೇ ಚಿಕ್ಕದು, ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಉಪಗ್ರಹ ದಿನಕ್ಕೆ ಕೆಲವೇ ಸಲ ನಮ್ಮ ತಲೆಯ ಮೇಲೆ ಹಾದುಹೋಗುವುದು. ಅದು ಹೋದ ಮೇಲೆ ಹತ್ತಿದ ಹುಲ್ಲಿನ ಬೆಂಕಿ, ಅದು ಮತ್ತೆ ಬರುವಷ್ಟರಲ್ಲಿ ಒಂದು ಮಗ್ಗುಲು ಸುಟ್ಟು ಆರಿಯೇ ಹೋಗಿರಬಹುದು. ಚುಕ್ಕೆ ಇಲ್ಲ ಎಂದರೆ ಬೆಂಕಿ ಇಲ್ಲ ಎಂದಲ್ಲ.

ಅಂತೂ ಎರಡು ಜೀಪು, ನಿಟ್ಟೂರಿನವರೆಗೆ ಒಂದು ವ್ಯಾನು, ಎಲ್ಲ ನಿಕ್ಕಿಯಾಯಿತು. ದುಡ್ಡೂ ಕೂಡಿತು. ಆ ವಾರ ಬುಧವಾರ ಬೆಳಿಗ್ಗೆ ಸೊಪ್ಪು ಮಾರುವವಳು ಬಂದಳು. ಅವಳ ತವರು ನಿಟ್ಟೂರಿನ ಕಡೆ. ತಮ್ಮ ಬೇಸಿಗೆಯ ನಾಲ್ಕು ತಿಂಗಳು ಫೈರ್ ವಾಚರ್ ಕೆಲಸಕ್ಕೆ ಹೋಗುತ್ತಾನೆ, ದಿನಗೂಲಿಗೆ. ಚಳಿಗಾಲ ಮುಗಿಯುವುದರೊಳಗೆ ಹುಲ್ಲು ಸವರಿ ಬೆಂಕಿರೇಖೆ ಮಾಡುವುದು, ಆಮೇಲೆ ಕಾಯುವುದು, ಹತ್ತಿದರೆ ಹಸಿ ಸೊಪ್ಪಿನ ಗೊಂಚಲು ಹಿಡಿದು ಬಡಿದು ಆರಿಸುವುದು. "ನನ್ನ ತಮ್ಮ ಮನೆಗೆ ಬಂದು ಮೂರು ದಿನ ಆಯ್ತಂತೆ ಅಮ್ಮಾ. ಒಂದು ಕಡೆ ಆರಿಸಿದ್ರೆ ಇನ್ನೊಂದು ಕಡೆ ಏಳ್ತದಂತೆ. ಅವ್ವ ಗಂಜಿ ಕಟ್ಟಿ ಕಳಿಸ್ತಾಳೆ" ಎಂದಳು. ಹರಿವೆಸೊಪ್ಪಿನ ಕಟ್ಟಿಗೆ ನೀರು ಚಿಮುಕಿಸುತ್ತಾ, ಹವಾಮಾನ ಹೇಳಿದ ಹಾಗೆ ಹೇಳಿದಳು.

ಮೊಬೈಲು ನೋಡಿದರೆ ಚುಕ್ಕೆಗಳಿದ್ದವು, ಕೊಡಚಾದ್ರಿಯ ಮೇಲಲ್ಲ, ಆಚೆಯ ಸಾಲಿನಲ್ಲಿ. ಜೀಪಿನವನಿಗೆ ಫೋನು ಮಾಡಿದೆವು. ದಾರಿ ಮುಚ್ಚಿಲ್ಲ, ಬೆಳಗಿನ ಹೊತ್ತು ಹೋಗಿ ಬರಬಹುದು, ನೀವು ಹೇಳಿದ ಹಾಗೆ, ಎಂದ. ಯಾರಾದರೂ ಬೇಡ ಎಂದಿದ್ದರೆ ನಮಗೆ ಸುಲಭವಾಗುತ್ತಿತ್ತು. ಯಾರೂ ಬೇಡ ಎನ್ನಲಿಲ್ಲ.

ಸಂಜೆ ಟೀಚರಮ್ಮನ ಮನೆಯಲ್ಲಿ ಸೇರಿದೆವು. ಅರ್ಧ ಸಾಮಾನು ಆಗಲೇ ರಟ್ಟಿನ ಪೆಟ್ಟಿಗೆ ಸೇರಿತ್ತು, ಕೂರಲು ಚಾಪೆ ಹಾಸಿದ್ದರು. ಹೋಗೋಣ ಎಂದವರು ಐದು ಜನ. ಬೆಂಕಿ ಇರುವುದು ಬೇರೆ ಗುಡ್ಡದಲ್ಲಿ, ನಾವು ಇಷ್ಟೆಲ್ಲ ಜಾಗ್ರತೆ ಮಾಡಿದ್ದೇವೆ, ಇನ್ನೊಂದು ಅವಕಾಶ ಸಿಗುತ್ತದೆಯೇ? ಅವರ ಮಾತೂ ಸರಿಯೇ. ನಾನು ಸೊಪ್ಪಿನವಳ ತಮ್ಮನ ವಿಷಯ ಹೇಳಿದೆ. ನಮ್ಮ ಜೀಪಿನ ಆಕ್ಸಲು ಮುರಿದು ದಾರಿಯಲ್ಲಿ ನಿಂತರೆ, ನಮ್ಮಲ್ಲೊಬ್ಬರ ಕಾಲು ಉಳುಕಿದರೆ, ಹನ್ನೊಂದೂವರೆಗೆ ಬ್ಯಾಂಕಿನ ಅಕ್ಕ ಫೋನು ಮಾಡಿದರೆ ನಮ್ಮನ್ನು ಹುಡುಕಿಕೊಂಡು ಬರುವವರು ಯಾರು? ಮೂರು ರಾತ್ರಿ ನಿದ್ದೆಗೆಟ್ಟ ಅದೇ ಹುಡುಗರು, ಉರಿಯುವ ಗುಡ್ಡವನ್ನು ಬಿಟ್ಟು. 2017ರಲ್ಲಿ ಬಂಡೀಪುರದಲ್ಲಿ, 2023ರಲ್ಲಿ ಸಕಲೇಶಪುರದ ಕಾಡುಮನೆ ಕಡೆ, ಬೆಂಕಿ ಆರಿಸಲು ಹೋದ ಒಬ್ಬೊಬ್ಬ ಅರಣ್ಯ ರಕ್ಷಕರು ಜೀವ ಕಳೆದುಕೊಂಡದ್ದು ಪತ್ರಿಕೆಯಲ್ಲಿ ಬಂದಿತ್ತು. ಅವರ ಮನೆಯಲ್ಲೂ ಯಾರೋ ಗಂಜಿ ಕಟ್ಟಿಕೊಟ್ಟಿದ್ದರು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಟೀಚರಮ್ಮ ಎದ್ದು ಒಳಗೆ ಹೋದರು. ಅಳುತ್ತಿದ್ದಾರೇನೋ ಎಂದುಕೊಂಡೆವು. ಒಂದು ತಟ್ಟೆ ಚಕ್ಕುಲಿ ತಂದಿಟ್ಟರು. "ಶನಿವಾರಕ್ಕೆ ಅಂತ ಕರಿದಿದ್ದು. ಮೆತ್ತಗಾಗೋ ಮುಂಚೆ ತಿನ್ನಿ" ಎಂದರು. ಆಮೇಲೆ ಖಜಾಂಚಿಯಾಗಿದ್ದ ನನ್ನ ಕಡೆ ತಿರುಗಿ, "ಎಲ್ಲರ ದುಡ್ಡು ವಾಪಸು ಕೊಡು. ನಂದು ಮಾತ್ರ ಇಟ್ಕೋ. ಮುಂದಿನ ಸೀಟು ನಂದು" ಎಂದರು.

ಅವರು ಏಪ್ರಿಲಿನಲ್ಲಿ ಪುಣೆಗೆ ಹೋದರು. ಅವರ ಒಂಬೈನೂರು ರೂಪಾಯಿ ನಮ್ಮ ದೇವರ ಕಪಾಟಿನ ಡಬ್ಬಿಯಲ್ಲಿದೆ. ಈಗ ಇಲ್ಲಿ ಮಳೆ ಹಿಡಿದು ಹದಿನೈದು ದಿನವಾಯಿತು, ಬಟ್ಟೆ ಒಣಗುತ್ತಿಲ್ಲ. ಮೊನ್ನೆ ಫೋನು ಮಾಡಿದ್ದರು. ಗುಡ್ಡ ಹಸಿರಾಯಿತೇ, ನವರಾತ್ರಿ ಕಳೆದ ಮೇಲೆ ದಾರಿ ಗಟ್ಟಿಯಾಗುತ್ತದೆಯೇ, ಆಗ ಜಿಗಣೆ ಇರುತ್ತದೆಯೇ, ಎಲ್ಲ ವಿಚಾರಿಸಿದರು. ಇರುತ್ತದೆ, ಸುಣ್ಣ ಹೊಗೆಸೊಪ್ಪು ತರುತ್ತೇವೆ ಎಂದೆ. ಸೊಪ್ಪಿನವಳ ತಮ್ಮ ಹೇಗಿದ್ದಾನೆ ಎಂದೂ ಕೇಳಿದರು. ಗದ್ದೆ ನಾಟಿಗೆ ಹೋಗುತ್ತಿದ್ದಾನಂತೆ ಎಂದು ಹೇಳಿದೆ.