ಮಾತಂಗದ ಸುತ್ತು

ಹಂಪಿಯ ವಿರೂಪಾಕ್ಷ ಬಜಾರಿನ ಪೂರ್ವದ ತುದಿಯಲ್ಲಿ, ಗುಡಿಗೆ ಮುಖ ಮಾಡಿ, ಒಂದೇ ಬಂಡೆಯಲ್ಲಿ ಕಡೆದ ಎದುರು ಬಸವಣ್ಣ ಕುಳಿತಿದ್ದಾನೆ. ಅಲ್ಲಿಂದ ಮಾತಂಗ ಬೆಟ್ಟ ಹತ್ತಿ, ಅಚ್ಯುತರಾಯನ ಗುಡಿಯ ಕಡೆಗೆ ಇಳಿದು, ಸೂಳೆ ಬಜಾರಿನುದ್ದಕ್ಕೂ ನಡೆದು, ಹೊಳೆಯ ದಂಡೆ ಹಿಡಿದು ಮತ್ತೆ ಬಸವಣ್ಣನ ಬಳಿಗೆ ಬರುವ ಸುತ್ತು ಮೂರು–ನಾಲ್ಕು ಕಿಲೋಮೀಟರು. ಏರು ಕಡಿದು, ಆದರೆ ಉದ್ದವಿಲ್ಲ. ಮೊಣಕಾಲು ಗಟ್ಟಿ ಇದ್ದವರಿಗೆ ಅರ್ಧ ದಿನದ ಕೆಲಸ. ವಿಜಯನಗರವೆಂದರೆ ಅರಮನೆ, ಆನೆಲಾಯ ಎಂದುಕೊಂಡು ಬಂದವರು ಈ ದಾರಿಯಲ್ಲಿ ಅವೆರಡನ್ನೂ ಕಾಣುವುದಿಲ್ಲ. ಕಾಣುವುದೆಲ್ಲ ಗುಡಿ, ಗುಡಿಯ ಮುಂದೆ ಪೇಟೆ.

ವಿರೂಪಾಕ್ಷ ಬಜಾರು ಮುಕ್ಕಾಲು ಕಿಲೋಮೀಟರಿನಷ್ಟು ಉದ್ದ. ಇದೇ ತೇರಿನ ಬೀದಿಯೂ ಹೌದು. ಎರಡೂ ಬದಿಗೆ ಕಲ್ಲುಕಂಬದ ಮಂಟಪಗಳ ಸಾಲು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್, ಇಲ್ಲಿನ ಪೇಟೆಗಳಲ್ಲಿ ಮುತ್ತು, ಮಾಣಿಕ್ಯ, ವಜ್ರಗಳನ್ನು ಬಯಲಲ್ಲೇ ಇಟ್ಟು ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಹರಳುಗಳ ಜೊತೆಗೆ ನಿಂಬೆ, ಕಿತ್ತಳೆ, ದ್ರಾಕ್ಷಿ, ಸೌದೆ, ಬಡಕಲು ಕುದುರೆಗಳನ್ನೂ ಲೆಕ್ಕಕ್ಕೆ ಹಿಡಿದ. ಇಬ್ಬರಲ್ಲಿ ಸಂತೆಯನ್ನು ನಿಜವಾಗಿ ಸುತ್ತಿದವನು ಪಾಯಸನೇ ಇರಬೇಕು. ಸೌದೆ ಮಾರುವವನನ್ನು ನೆನಪಿಟ್ಟುಕೊಳ್ಳುವ ಪ್ರವಾಸಿಗಳು ಕಡಿಮೆ.

ಬಸವಣ್ಣನ ಪಕ್ಕದಿಂದಲೇ ಮೆಟ್ಟಿಲು ಶುರುವಾಗುತ್ತವೆ. ಬೆಟ್ಟವೆಂದರೆ ಇಲ್ಲಿ ಮಣ್ಣಲ್ಲ, ಬಂಡೆಯ ಮೇಲೆ ಬಂಡೆ. ಯಾರೋ ಪೇರಿಸಿಟ್ಟಂತೆ ಕಂಡರೂ ಹೊರಗಿನಿಂದ ತಂದದ್ದು ಒಂದೂ ಇಲ್ಲ. ನೆಲದೊಳಗಿದ್ದ ಗ್ರಾನೈಟು ತನ್ನ ಸೀಳುಗಳುದ್ದಕ್ಕೂ ನೀರು, ಬಿಸಿಲಿಗೆ ಸವೆದು, ಮೂಲೆಗಳು ಉದುರಿ, ಗುಂಡಾಗಿ ಉಳಿದದ್ದು. ಹತ್ತಿರ ಹೋಗಿ ನೋಡಿದರೆ ಕೆಲವು ಬಂಡೆಗಳ ಅಂಚಿನಲ್ಲಿ ಬೆರಳುದ್ದದ ಕುಳಿಗಳ ನೇರ ಸಾಲು ಕಾಣುತ್ತದೆ. ಕಲ್ಲುಕುಟಿಗರು ಬೆಣೆ ಹೊಡೆದು ಸೀಳಲು ತೋಡಿದ ಗುರುತು ಅವು. ಕೆಲವು ಕಡೆ ಕುಳಿ ತೋಡಿದ ಮೇಲೆ ಬಂಡೆ ಸೀಳುವುದೇ ಆಗಿಲ್ಲ. ಕೆಲಸ ನಿಂತಲ್ಲೇ ನಿಂತಿದೆ.

ರಾಮಾಯಣದ ಕಥೆಯಲ್ಲಿ ವಾಲಿ ಕೊಂದು ಎಸೆದ ದುಂದುಭಿಯೆಂಬ ರಕ್ಕಸನ ರಕ್ತ ಮಾತಂಗ ಮುನಿಯ ಆಶ್ರಮದಲ್ಲಿ ಬಿತ್ತು. ಮುನಿ ಶಪಿಸಿದ, ವಾಲಿ ಇತ್ತ ಕಾಲಿಡದಂತಾಯಿತು, ಸುಗ್ರೀವನಿಗೆ ಅಡಗಲು ಜಾಗ ಸಿಕ್ಕಿತು. ತುದಿಯಲ್ಲಿ ಇರುವುದು ವೀರಭದ್ರನ ಗುಡಿ. ಸುತ್ತಮುತ್ತ ಇದಕ್ಕಿಂತ ಎತ್ತರದ ಜಾಗ ಹಂಪಿಯಲ್ಲಿಲ್ಲ. ಪಾಯಸ್ ಒಂದು ಬೆಟ್ಟ ಹತ್ತಿ ಊರನ್ನು ನೋಡಿ, ಅದು ರೋಮಿನಷ್ಟು ದೊಡ್ಡದೆಂದೂ ಗುಡ್ಡಗಳ ಮರೆಯಲ್ಲಿ ಪೂರ್ತಿ ಕಾಣುವುದಿಲ್ಲವೆಂದೂ ಬರೆದ. ಯಾವ ಬೆಟ್ಟವೆಂದು ಹೇಳಲಿಲ್ಲ. ಮಾತಂಗವೇ ಎನ್ನಲು ಗೈಡುಗಳಿಗೆ ಬೇರೆ ಆಧಾರವೇನೂ ಬೇಕಾಗಿಲ್ಲ.

ಪೂರ್ವದ ಇಳಿಜಾರಿನ ಮೆಟ್ಟಿಲುಗಳು ಅಲ್ಲಲ್ಲಿ ಕಿತ್ತಿವೆ, ಮಳೆಗಾಲದಲ್ಲಿ ಜಾರುತ್ತವೆ. ಕೆಳಗೆ ಎರಡು ಪ್ರಾಕಾರಗಳ ತಿರುವೆಂಗಳನಾಥನ ಗುಡಿ. 1534ರಲ್ಲಿ ಕಟ್ಟಿಸಿದವನು ಅಚ್ಯುತರಾಯನ ಭಾವಮೈದುನ ಹಿರಿಯ ತಿರುಮಲರಾಜ. ಜನರ ಬಾಯಲ್ಲಿ ಗುಡಿ ಮಾತ್ರ ಅರಸನ ಹೆಸರಿಗೇ ಹೋಯಿತು. ಅದರ ಮುಂದೆ ಉತ್ತರಕ್ಕೆ ಹೊಳೆಯತ್ತ ಚಾಚಿದ ಅಚ್ಯುತಪೇಟೆಯೇ ಇವತ್ತಿನ ಸೂಳೆ ಬಜಾರು. ಪಕ್ಕದಲ್ಲಿ ಪುಷ್ಕರಣಿ, ಸಾಲುಕಂಬಗಳ ನಡುವೆ ಹುಲ್ಲು. ವಿರೂಪಾಕ್ಷ ಬಜಾರಿನ ಗದ್ದಲದಿಂದ ಬಂದವರಿಗೆ ಇಲ್ಲಿ ಮೇಯುವ ಮೇಕೆಗಳೇ ಗಿರಾಕಿಗಳು.

ಹೊಳೆಯ ದಂಡೆಯಲ್ಲಿ ಕೋದಂಡರಾಮನ ಗುಡಿ, ಅದರ ಮುಂದೆ ಚಕ್ರತೀರ್ಥ. ಗರ್ಭಗುಡಿಯ ಮೂರ್ತಿಗಳನ್ನು ಬಂಡೆಯಲ್ಲೇ ಕೆತ್ತಲಾಗಿದೆ. ಸುಗ್ರೀವನಿಗೆ ಪಟ್ಟ ಕಟ್ಟಿದ್ದು ಇಲ್ಲೇ ಎಂಬುದು ನಂಬಿಕೆ. ಮೇಲಿನ ಗುಡ್ಡದಲ್ಲಿ ವ್ಯಾಸರಾಯರು ಪ್ರತಿಷ್ಠಾಪಿಸಿದರೆನ್ನುವ ಯಂತ್ರೋದ್ಧಾರಕ ಆಂಜನೇಯ. ಸಮಯವಿದ್ದವರು ಪೂರ್ವಕ್ಕೆ ವಿಠ್ಠಲನ ಗುಡಿಯವರೆಗೂ ಹೋಗುತ್ತಾರೆ. ಸುತ್ತು ಮುಗಿಸುವವರು ಪಶ್ಚಿಮಕ್ಕೆ ತಿರುಗಿ, ಬಂಡೆಗಳ ನಡುವಿನ ದಾರಿಯಲ್ಲಿ ಬಜಾರಿಗೆ ಮರಳುತ್ತಾರೆ.

ಈ ಬಜಾರು ಎರಡು ಸಲ ಬರಿದಾಗಿದೆ. ಮೊದಲನೆಯದು 1565ರಲ್ಲಿ, ತಾಳಿಕೋಟೆಯ ಕಾಳಗದ ನಂತರ. ಆಗಲೂ ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ. ನಂತರದ ಕಾಲದಲ್ಲಿ ಜನ ಮಂಟಪಗಳೊಳಗೇ ಸಂಸಾರ ಹೂಡಿದರು. ಈ ಲೇಖಕ ಹೊಸಪೇಟೆಯಲ್ಲಿ ಹುಡುಗನಾಗಿದ್ದಾಗ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎದ್ದಿದ್ದವು. ಒಂದರಲ್ಲಿ ಪುಸ್ತಕದಂಗಡಿ, ಇನ್ನೊಂದರಲ್ಲಿ ಒಗ್ಗರಣೆ-ಮಿರ್ಚಿ, ಮತ್ತೊಂದರ ಕಲ್ಲುಜಗುಲಿಯ ಮೇಲೆ ಅಕ್ಕಿ ಆರಿಸುವ ಅಜ್ಜಿ. ಅಪ್ಪ ಬೆಟ್ಟ ಇಳಿದವನೇ ಬಿಸಿ ಮಿರ್ಚಿಗೆ ಕೂರುತ್ತಿದ್ದ. ಇತಿಹಾಸ ತಿಳಿಯಲು ಅವನಿಗೆ ಅದಕ್ಕಿಂತ ಒಳ್ಳೆಯ ಜಾಗ ಗೊತ್ತಿರಲಿಲ್ಲ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2011ರ ಜುಲೈನಲ್ಲಿ ಸ್ಮಾರಕ ಉಳಿಸುವ ಹೆಸರಲ್ಲಿ ಆ ಮನೆ-ಅಂಗಡಿಗಳನ್ನು ಕೆಡವಲಾಯಿತು.

ಕಂಬಗಳು ಈಗ ಚೆನ್ನಾಗಿ ಕಾಣುತ್ತವೆ, ನಿಜ. ಆದರೆ ಪೇಟೆಯೆಂದು ಕಟ್ಟಿದ್ದರಲ್ಲಿ ಕೊಡುಕೊಳ್ಳುವಿಕೆಯೇ ಇಲ್ಲದಂತೆ ಮಾಡಿ ಅದನ್ನು ಉಳಿಸಿದೆವು ಎನ್ನುವುದು ವಿಚಿತ್ರ ಲೆಕ್ಕ. ಚೈತ್ರದ ತೇರಿನಲ್ಲಿ ಮಾತ್ರ ಬೀದಿ ಹಿಂದಿನಂತೆ ತುಂಬುತ್ತದೆ. ಉಳಿದ ದಿನಗಳಲ್ಲಿ ಸುತ್ತು ಮುಗಿಸಿ ಚಹಾ ಬೇಕೆಂದವರು ಬಜಾರು ಬಿಟ್ಟು, ಹೊಳೆಯ ಕಡೆಗಿರುವ ಜನತಾ ಪ್ಲಾಟಿನ ಓಣಿಗಳಿಗೆ ಹೋಗಬೇಕು.